ಎಡಗಡೆಯ ನಟ್ಟುಗಳು

ಡ್ರೈವರಿಗೆ ನಾನು ಆ ಮಾತು ಹೇಳಿದ್ದೆನೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ. ಹೇಳಿದ ಹಾಗೆ ಒಂದು ನೆನಪಿದೆ. ಆ ನೆನಪನ್ನು ನಾನೇ ನಂಬುವುದಿಲ್ಲ.

ಕೊಪ್ಪದಲ್ಲಿ ಏಳೆಂಟು ವರ್ಷ ಇತಿಹಾಸದ ಅತಿಥಿ ಉಪನ್ಯಾಸಕನಾಗಿದ್ದೆ. ಆ ಕೆಲಸ ನಿಂತ ಮೇಲೆ ಅಪ್ಪನ ಕಾಲದ ಲಾರಿಯನ್ನು ನೋಡಿಕೊಳ್ಳುತ್ತಿದ್ದೇನೆ. ಗೋದಾಮಿನಿಂದ ಹಾಲಿನ ಸೊಸೈಟಿಗಳಿಗೆ ಹಿಂಡಿ, ಬೂಸಾ ಮುಟ್ಟಿಸುವ ಕೆಲಸ. ಒಂದು ದಿನ ಜಯಪುರ, ಶೃಂಗೇರಿ, ಕೆರೆಕಟ್ಟೆ; ಇನ್ನೊಂದು ದಿನ ನರಸಿಂಹರಾಜಪುರದ ಕಡೆ. ಡ್ರೈವರು ಸೀತೂರಿನವರು, ಅಪ್ಪ ಇದ್ದಾಗಿನಿಂದ ಅದೇ ಲಾರಿಯಲ್ಲಿದ್ದಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಪಾಠ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾದರೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾರೆ.

ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಅವರದೊಂದು ಕ್ರಮವಿತ್ತು. ಎಲೆಯಡಿಕೆ ಬಾಯಿಗೆ ಹಾಕಿ, ವೀಲ್ ಸ್ಪ್ಯಾನರ್ ಹಿಡಿದು ಲಾರಿಗೆ ಒಂದು ಸುತ್ತು ಬರುವುದು, ಪ್ರತಿ ನಟ್ಟಿಗೂ ಮೈಭಾರ ಬಿಟ್ಟು ಒಂದು ಎಳೆತ ಕೊಡುವುದು. ಆಮೇಲೆ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಿಂದ ನಟ್ಟಿನ ಮೇಲಿಂದ ಚಕ್ರದ ತಗಡಿನವರೆಗೆ ಒಂದು ಗೆರೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಗೆರೆಗಳನ್ನು ನೋಡುವುದು. ನಟ್ಟು ತಿರುಗಿದ್ದರೆ ಗೆರೆ ಎರಡು ತುಂಡಾಗಿರುತ್ತದೆ.

ಹಳೆಯ ಲಾರಿಗಳಲ್ಲಿ ಬಲಗಡೆಯ ನಟ್ಟುಗಳು ನೇರ, ಎಡಗಡೆಯವು ಉಲ್ಟಾ ತ್ರೆಡ್, ಎಂದರೆ ಒಳಗಿನ ಸುರುಳಿ ಗೀರು ತಿರುವುಮುರುವು. ಬಲಕ್ಕೆ ಯಾವ ದಿಕ್ಕಿಗೆ ಬಿಗಿಯುತ್ತೇವೋ ಎಡಕ್ಕೆ ಅದರ ವಿರುದ್ಧ ಬಿಗಿಯಬೇಕು. ನನಗೆ ಪ್ರತಿ ಸಲ ಗೊಂದಲ. ಅವರು ನಗುತ್ತಿದ್ದರು. “ಇದು ಕೈಗೆ ಗೊತ್ತಿರ್ಬೇಕು ಮೇಷ್ಟ್ರೇ. ತಲೆಗೆ ಯಾಕೆ ತೊಂದ್ರೆ ಕೊಡ್ತೀರಿ?”

ಮಳೆಗಾಲ ಮುಗಿಯುವ ಹೊತ್ತಿಗೆ ಲಾರಿಯ ಹಿಂದಿನ ಆಕ್ಸಲಿನ ಹೊರಕವಚ ಬಿರುಕು ಬಿಟ್ಟಿತು. ಕೊಪ್ಪದ ಮೆಕ್ಯಾನಿಕ್ಕು ಗುಜರಿಗೆ ಹೋದ ಬೇರೊಂದು ಲಾರಿಯ ಆಕ್ಸಲ್ ತರಿಸಿದ. ನಮ್ಮದಕ್ಕಿಂತ ಹೊಸ ಕಾಲದ್ದು. ಚಕ್ರದ ತೂತುಗಳು ಸರಿಯಾಗಿ ಕೂತವು, ನಟ್ಟುಗಳು ಮಾತ್ರ ಕೂರಲಿಲ್ಲ. ನಮ್ಮ ಎಡಗಡೆಯವು ಹೊಸ ಸ್ಟಡ್ಡಿನ, ಎಂದರೆ ಚಕ್ರ ಕೂರುವ ಬೋಲ್ಟಿನ, ಬಾಯಿಗೇ ಹಿಡಿಯಲಿಲ್ಲ. ಬಲಗಡೆಯವು ಮೂರು ಸುತ್ತು ಹೋಗಿ ಬಿಗಿದುಕೊಂಡವು.

“ಇದು ಬಿಗಿ ಆದದ್ದಲ್ಲ, ಸಿಕ್ಕಿಕೊಂಡದ್ದು. ಈ ಆಕ್ಸಲಿನ ತ್ರೆಡ್ಡು ಸಣ್ಣ,” ಎಂದ ಮೆಕ್ಯಾನಿಕ್ಕು. ಆಕ್ಸಲಿನ ಜೊತೆ ಬಂದಿದ್ದ ನಟ್ಟುಗಳನ್ನು ಹುಡುಕಿ ತಂದು ಹಾಕಿದ. ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಾ ಹೇಳಿದ: “ಒಂದು ನೆನಪಿಟ್ಕೊಳ್ಳಿ ಮಾರಾಯ್ರೇ. ಹಿಂದಿನ ಚಕ್ರ ಈಗ ಎಡಕ್ಕೂ ನೇರ ತ್ರೆಡ್ಡೇ. ಮುಂದಿಂದು ಮೊದಲಿನ ಹಾಗೇ ಉಲ್ಟಾ. ನಿಮ್ಮ ಡ್ರೈವರಿಗೆ ಹೇಳ್ಬಿಡಿ.”

ಡ್ರೈವರು ಆ ವಾರ ಮಗಳ ಹೆರಿಗೆಗೆಂದು ರಜದಲ್ಲಿದ್ದರು. ಲಾರಿಯನ್ನು ನಾನೇ ಮನೆಗೆ ತಂದೆ. ಮರುದಿನ ಅವರು ರಜ ಮುಗಿಸಿ ಬಂದು, ಎಂದಿನಂತೆ ಸ್ಪ್ಯಾನರ್ ಹಿಡಿದು ಸುತ್ತು ಹೊಡೆದರು. ಎರಡು ದಿನ ಹತ್ತಿರದ ಊರುಗಳಿಗೆ ಹೋಗಿಬಂದೆವು. ಮೂರನೆಯ ದಿನ ತುಂಬಿದ ಲೋಡಿನೊಂದಿಗೆ ಕೆರೆಕಟ್ಟೆಗೆ ಹೊರಟೆವು. ಖಾಲಿ ಚೀಲಗಳನ್ನು ವಾಪಸು ತರಬೇಕಿದ್ದುದರಿಂದ ನಾನೂ ಜೊತೆಗಿದ್ದೆ.

ಶೃಂಗೇರಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಟಕ್ ಟಕ್ ಎಂಬ ಸದ್ದು. ಅವರು ಲಾರಿ ನಿಲ್ಲಿಸಿ ಇಳಿದರು. ಹಿಂದಿನ ಎಡ ಚಕ್ರದಲ್ಲಿ ಒಂದು ಗೆರೆಯೂ ನೆಟ್ಟಗಿರಲಿಲ್ಲ.

“ಹೊಸ ಜೋಡಣೆ ಅಲ್ವಾ, ಇನ್ನೂ ಕೂರ್ತಾ ಇದೆ,” ಎಂದು ಸ್ಪ್ಯಾನರ್ ಹಾಕಿದರು. “ಮೊನ್ನೆನೂ ಕಾಲು ಸುತ್ತು ತಿರುಗಿತ್ತು, ನಿನ್ನೆನೂ ತಿರುಗಿತ್ತು.” ಎರಡು ಎಳೆತ ಎಳೆದರು. ಆಮೇಲೆ ಸ್ಪ್ಯಾನರ್ ಬೇಕಾಗಲಿಲ್ಲ. ಕೈಯಲ್ಲೇ ತಿರುಗಿಸಿದರು. ಬಿಗಿ ಮಾಡುತ್ತಾ ಮಾಡುತ್ತಾ ನಟ್ಟು ಪೂರ್ತಿ ಹೊರಬಂದು ಅವರ ಅಂಗೈಯಲ್ಲಿ ಕೂತಿತು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ತ್ರೆಡ್ ಸವರಿದರು.

“ಇದು ನೇರ ತ್ರೆಡ್ಡಲ್ವಾ ಮೇಷ್ಟ್ರೇ?”

“ಹೌದು.”

“ಹಂಗಾದ್ರೆ ಮೂರು ದಿನದಿಂದ ನಾನು ಬಿಚ್ತಾ ಇದ್ದೀನಿ.”

ಮುಂದೆ ತಿರುವುಗಳ ರಸ್ತೆ, ಒಂದು ಬದಿಗೆ ಇಳಿಜಾರು. ಅವರು ಅತ್ತ ಒಮ್ಮೆ ನೋಡಿದರು, ನಾನೂ ನೋಡಿದೆ. ಅವರು ಕೈಗೆ ಬಂದ ನಟ್ಟನ್ನು ಮತ್ತೆ ಹಾಕಿ, ಉಳಿದವನ್ನು ಒಂದೊಂದಾಗಿ ಸರಿಯಾದ ದಿಕ್ಕಿಗೆ ಬಿಗಿದರು. ಎರಡು ಸ್ಟಡ್ಡುಗಳ ತ್ರೆಡ್ ತಿಂದುಹೋಗಿ ನಟ್ಟು ಹಿಡಿಯುತ್ತಿರಲಿಲ್ಲ.

ಫೋನಿಗೆ ಸಿಗ್ನಲ್ ಸಿಗಲು ತಿರುವಿನವರೆಗೆ ನಡೆದುಹೋಗಬೇಕಾಯಿತು. ಮೆಕ್ಯಾನಿಕ್ಕು ಕೇಳಿದ ಕೂಡಲೇ, “ನಾನು ಹೇಳಿರ್ಲಿಲ್ವಾ ಮಾರಾಯ್ರೇ? ನೀವು ಪುಸ್ತಕದಲ್ಲಿ ಬರ್ಕೊಂಡ್ರಿ ಬೇರೆ!” ಎಂದ. ಸ್ಟಡ್ಡು ತೆಗೆದುಕೊಂಡು ಬೈಕಿನಲ್ಲಿ ಬರುತ್ತೇನೆಂದ.

ಹಿಂತಿರುಗಿದಾಗ ಡ್ರೈವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಎಲೆಯಡಿಕೆ ಹಾಕಿರಲಿಲ್ಲ. ಮೆಕ್ಯಾನಿಕ್ಕು ನನಗೆ ಮೊದಲೇ ಎಚ್ಚರಿಕೆ ಹೇಳಿದ್ದನೆಂದು ತಿಳಿಸಿದೆ.

“ನೀವು ಹೇಳಿರ್ತೀರಿ, ನಾನೇ ಮರ್ತಿರ್ತೀನಿ. ಮನೇಲೂ ಅದನ್ನೇ ಹೇಳ್ತಾರೆ, ಈಗೀಗ ಎಲ್ಲ ಮರೀತೀರಿ ಅಂತ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಷ್ಟ್ರೇ. ಕೈ ನಂಬೋ ಹಾಗಿಲ್ಲ ಅಂದ್ಮೇಲೆ ಲಾರಿ ಓಡಿಸ್ಬಾರ್ದು.”

“ಇರಲಿ ಬಿಡಿ,” ಎಂದೆ ನಾನು.

ಆಗ ಬೇರೆ ಏನನ್ನಾದರೂ ಹೇಳಬಹುದಿತ್ತು. ಹೇಳದೆಯೇ ಇದ್ದಿದ್ದರೂ ಒಳ್ಳೆಯದಿತ್ತು. ಆ ಎರಡು ಪದಗಳಲ್ಲಿ ನಾನು ಅವರನ್ನು ಕ್ಷಮಿಸಿದಂತಿತ್ತು.

ಸ್ಟಡ್ಡು ಹಾಕಿಸಿಕೊಂಡು ಕೊಪ್ಪಕ್ಕೆ ಬಂದವರೇ ಅವರು ಕೀಲಿ ಕೊಟ್ಟು ಸೀತೂರಿಗೆ ಹೋದರು. ಲಾರಿ ವರ್ಕ್‌ಶಾಪಿನ ಅಂಗಳದಲ್ಲಿ ನಿಂತಿತು. ಮೆಕ್ಯಾನಿಕ್ಕು ಹೇಳಿದ ಪುಸ್ತಕವನ್ನು, ನನ್ನ ದಿನಚರಿಯನ್ನು, ತೆಗೆದು ನೋಡಿದೆ. ಆಕ್ಸಲ್ ಹಾಕಿದ ದಿನ ಹೀಗೆ ಬರೆದಿದ್ದೇನೆ: “ಹಿಂದೆ ಎಡಕ್ಕೂ ನೇರ ತ್ರೆಡ್. ಡ್ರೈವರಿಗೆ ಹೇಳಬೇಕು.” ಮರುದಿನದ ಪುಟದಲ್ಲಿ ಹಿಂಡಿ ಚೀಲಗಳು, ಬೆನ್ನುನೋವು, ಅವರಿಗೆ ಮೊಮ್ಮಗಳು ಹುಟ್ಟಿದ ಸುದ್ದಿ. ಹೇಳಿದೆ ಎಂಬುದು ಎಲ್ಲೂ ಇಲ್ಲ.

ಬರೆಯದ ಮಾತ್ರಕ್ಕೆ ನಡೆದಿಲ್ಲ ಎಂದಲ್ಲ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹಾಗಾಗಿ ನೆನಪಿನ ಕಡೆ ತಿರುಗಿದೆ. ಅಲ್ಲಿ ಚಿತ್ರ ಸ್ಪಷ್ಟವಾಗಿತ್ತು: ಅವರು ಲಾರಿಯ ಹಿಂದೆ ನಿಂತಿದ್ದಾರೆ, ನಾನು ಚಕ್ರ ತೋರಿಸಿ ಹೇಳುತ್ತೇನೆ, ಬಾಯಿ ತುಂಬ ಎಲೆಯಡಿಕೆ ಇರುವುದರಿಂದ ಅವರು ಬರೀ ತಲೆ ಆಡಿಸುತ್ತಾರೆ. ಒಂದು ವಾರ ಆ ಚಿತ್ರದ ಆಸರೆಯಲ್ಲಿ ನೆಮ್ಮದಿಯಾಗಿದ್ದೆ. ಬೇರೆ ಡ್ರೈವರನ್ನು ವಿಚಾರಿಸಿದ್ದೂ ಆ ವಾರವೇ.

ಒಂದು ಮಧ್ಯಾಹ್ನ ವರ್ಕ್‌ಶಾಪಿಗೆ ಹೋದಾಗ ಲಾರಿಯ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ಕಣ್ಣಿಗೆ ಬಿತ್ತು. ನನ್ನ ಚಿತ್ರದಲ್ಲೂ ಅವರ ತಲೆಯ ಹಿಂದೆ ಅದೇ ನೀಲಿ ಇತ್ತು. ಆ ಟಾರ್ಪಾಲನ್ನು ನಾನು ಕೊಂಡದ್ದು ಕೆರೆಕಟ್ಟೆ ದಾರಿಯ ಘಟನೆಯಾಗಿ ನಾಲ್ಕು ದಿನದ ಮೇಲೆ. ಅದರ ಹಿಂದಿನದು ಕಂದು ಬಣ್ಣದ್ದು, ಹರಿದದ್ದು.

ಅದರಿಂದ ಎಷ್ಟು ಸಾಬೀತಾಗುತ್ತದೆ, ತಿಳಿಯದು. ಹೇಳಿದ್ದು ನಿಜವಾಗಿ, ಬಣ್ಣ ಮಾತ್ರ ಆಮೇಲೆ ಸೇರಿಕೊಂಡಿರಬಹುದು. ಆದರೆ ಒಬ್ಬರು ತಮ್ಮ ಕೈಯನ್ನೇ ನಂಬದ ಹಾಗೆ ಮಾಡಲು ಅಷ್ಟು ಸಾಕ್ಷ್ಯ ಸಾಲದು. ಅವತ್ತೇ ಸೀತೂರಿಗೆ ಬಸ್ಸು ಹತ್ತಿದೆ.

ಅವರು ಜಗಲಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನಿಂತುಕೊಂಡೇ ಹೇಳಿದೆ: “ನೀವು ಮರೆತದ್ದಲ್ಲ. ನಾನು ನಿಮಗೆ ಹೇಳಿಯೇ ಇರಲಿಲ್ಲ.”

ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದೆ. ಅದಕ್ಕೆ ಪಶ್ಚಾತ್ತಾಪವಿಲ್ಲ.

ಅವರು ತಲೆ ಎತ್ತಿದರು. “ಅಲ್ಲ ಮಾರಾಯ್ರೇ, ಹತ್ತು ದಿನದಿಂದ ನಾನು ನನ್ನ ತಲೆಗೇ ಬೈಕೊಳ್ತಾ ಇದ್ದೀನಿ. ಇವಳು ಬ್ರಾಹ್ಮಿ ಕಷಾಯ ಕುಡಿಸ್ತಾ ಇದ್ದಾಳೆ ಎರಡು ಹೊತ್ತೂ!”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಉಳಿದ ಕಷಾಯ ಮೇಷ್ಟ್ರಿಗೇ ಕೊಟ್ಬಿಡ್ತೀನಿ, ಕೂತ್ಕೊಳ್ಳೋಕೆ ಹೇಳಿ.”

ಅವರು ನಗಲಿಲ್ಲ. ಮಗುವಿನ ಬೆನ್ನು ತಟ್ಟುತ್ತಾ, “ಬರ್ತೀನಿ. ಆದ್ರೆ ಒಂದೇ ಲಾರೀಲಿ ಎಡಕ್ಕೆ ಎರಡು ಥರ ಬೇಡ,” ಎಂದರು.

ಮೆಕ್ಯಾನಿಕ್ಕು ಗೊಣಗಿದ. ಊರೆಲ್ಲ ನೇರ ತ್ರೆಡ್ಡಿಗೆ ಬಂದಿರುವಾಗ ನೀವೊಬ್ಬರು ಹಿಂದಕ್ಕೆ ಹೋಗುತ್ತೀರಲ್ಲ ಎಂದ. ಆದರೂ ಹಳೆಯ ಆಕ್ಸಲಿನ ಎಡಗಡೆಯ ಸ್ಟಡ್ಡುಗಳನ್ನು ಹೊಡೆದು ಹೊರತೆಗೆದು, ಅಳತೆ ನೋಡಿ, ಹೊಸ ಆಕ್ಸಲಿನ ತುದಿಯ ಹಬ್‌ಗೆ, ಚಕ್ರ ಕೂರುವ ತಟ್ಟೆಗೆ, ಕೂರಿಸಿಕೊಟ್ಟ. ಹಳೆಯ ನಟ್ಟುಗಳು ಕೊನೆಯ ತನಕ ಸಲೀಸಾಗಿ ಹೋದವು. ಈಗ ಎಡಗಡೆ ಮುಂದೂ ಹಿಂದೂ ಉಲ್ಟಾ, ಮೊದಲಿನ ಹಾಗೆ.

ಅವರು ಕೆಲಸಕ್ಕೆ ಬಂದಿದ್ದಾರೆ. ಎಲೆಯಡಿಕೆ, ಸ್ಪ್ಯಾನರ್, ಸುಣ್ಣದ ಗೆರೆ ಎಲ್ಲ ಇದೆ. ಬಲಗಡೆ ಸರಸರನೆ ಮುಗಿಸುತ್ತಾರೆ. ಹಿಂದಿನ ಎಡ ಚಕ್ರಕ್ಕೆ ಬಂದಾಗ ಸ್ಪ್ಯಾನರನ್ನು ನಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ನನ್ನ ಕಡೆ ನೋಡಿ, “ಉಲ್ಟಾನೇ ಅಲ್ವಾ ಮೇಷ್ಟ್ರೇ?” ಎನ್ನುತ್ತಾರೆ.

“ಉಲ್ಟಾನೇ,” ಎನ್ನುತ್ತೇನೆ. ಅಷ್ಟು ಕೇಳಿದ ಮೇಲೆ ಎಳೆಯುತ್ತಾರೆ.