ಕಸದೊಳಗೆ ಬಿದ್ದಿದ್ದ ‘ಮನಿ’

೧೯೯೮ರ ಬೇಸಿಗೆಯ ಒಂದು ಮಧ್ಯಾಹ್ನ, ಸೊಲ್ಲಾಪುರದ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ನಾನು ಗೆಳೆಯ ಶಿವಾನಂದನ ಕುರ್ಚಿಯ ಹಿಂದೆ ನಿಂತಿದ್ದೆ. ಪಕ್ಕದಲ್ಲಿ ಅವನ ಅಕ್ಕ ಮಹಾದೇವಿ ಇದ್ದರು. ಮರೆವಿನ ಕಾಯಿಲೆಯಿದ್ದ ಅವರ ತಂದೆ ತಡವಳದಿಂದ ಅಕ್ಕಲಕೋಟೆಗೆ ಹೊರಟವರು ಕಾಣೆಯಾಗಿದ್ದರು. ಇಂಟರ್‌ನೆಟ್‌ನಲ್ಲಿ ತಾನು ನೋಡಿಕೊಳ್ಳುತ್ತಿದ್ದ ಕನ್ನಡಿಗರ ಚರ್ಚಾಗುಂಪಿನಲ್ಲೂ ಶಿವಾನಂದ ಇದನ್ನು ಬರೆದಿದ್ದ. ಒಂದು ಉತ್ತರವೂ ಕಂಡಿರಲಿಲ್ಲ.

ಆ ಗುಂಪಿಗೆ ದಿಢೀರ್ ಶ್ರೀಮಂತರಾಗುವ ಜಾಹೀರಾತುಗಳ ಕಾಟವಿತ್ತು. ಹಾಗಾಗಿ ದುಡ್ಡು ಎಂಬರ್ಥದ ಇಂಗ್ಲಿಷ್ ಪದ ‘ಮನಿ’ ಇರುವ ಪತ್ರಗಳೆಲ್ಲ ತಾವಾಗಿಯೇ ಕಸಕ್ಕೆ ಬೀಳುವಂತೆ ಅವನು ಏರ್ಪಾಟು ಮಾಡಿದ್ದ. ಅಂದು ಆ ಕಸ ಅಳಿಸುತ್ತಿದ್ದಾಗ ಅವನ ಬೆರಳು ತಟ್ಟನೆ ನಿಂತಿತು. ಪುಣೆಯಿಂದ ಯಾರೋ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ‘ಅಪ್ಪ’ ಮತ್ತು ‘ಮನಿ’ ಎರಡೇ ಅವನ ಕಣ್ಣಿಗೆ ಬಿದ್ದವು.

“ಅಪ್ಪನ್ನ ಹಿಡಕೊಂಡು ರೊಕ್ಕಾ ಕೇಳಾಕತ್ತಾರ, ಅಕ್ಕಾ,” ಎಂದು ಬಿಳುಚಿಕೊಂಡ.

“ಏನ್ ಬರದಾರ, ಜೋರಾಗಿ ಓದು.”

ಅವನು ತಡವರಿಸುತ್ತ ಓದಿದ: “ನಿಮ್ಮ ಅಪ್ಪಾರು ಪುಣೆ ಸ್ಟೇಷನ್ದಾಗ ಸಿಕ್ಕಿದ್ರು, ನಮ್ಮ ಮನಿ ಒಳಗ ಅದಾರ್ರಿ. ಆರಾಮ ಅದಾರ.”

“ಅಯ್ಯ, ನಿನ್ನ ಇಂಗ್ಲಿಷ್ ಸುಡ್ಲಿ! ರೊಕ್ಕಲ್ಲೋ, ಮನಿ! ಅವರ ಮನ್ಯಾಗ ಅದಾನ ಅಪ್ಪ!”

ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಆ ಕಡೆಯಿಂದ ಅವರ ತಂದೆ ಕೇಳಿದ್ದು ಒಂದೇ ಮಾತು: “ಊಟಾ ಆತೇನು?”

ನಮ್ಮ ಕಡೆ ಮನೆಗೆ ಮನಿ ಎನ್ನುತ್ತೇವೆ; ಪತ್ರ ಬರೆದವರು ಅದನ್ನು ದುಡ್ಡಿನ ‘money’ ಎಂದೇ ಬರೆದಿದ್ದರಿಂದ ಅದು ಕಸಕ್ಕೆ ಬಿದ್ದಿತ್ತು. ದಿನಕ್ಕೆ ಎಷ್ಟೋ ಸಲ ಆಡುವ ಆ ಮಾತನ್ನು ಅಂದಿನಿಂದ ನಾನು ಹಗುರಾಗಿ ಆಡಿಲ್ಲ. ಶಿವಾನಂದ ಈಗಿಲ್ಲ. ಕಣ್ಣಾರೆ ಕಂಡವರಲ್ಲಿ ನನ್ನ ಹೊರತು ಉಳಿದವರು ಮಹಾದೇವಿ ಅಕ್ಕ ಒಬ್ಬರೇ, ಹನ್ನೂರಿನಲ್ಲಿದ್ದಾರೆ.