ಸಿಲ್ವೇರಾನ ಮರದ ಮೇಲಿನ ಜಾಗ

ಅಮೆರಿಕದ ಹೇವರ್ಡ್‌ನಲ್ಲಿ ಹಣ್ಣಿನ ಡಬ್ಬಿ ಮುಚ್ಚುವ ಯಂತ್ರಗಳನ್ನು ಮಾಡುವ ಒಂದು ಕಾರ್ಖಾನೆ. ಅಲ್ಲಿ ಕೆಂಪರಾಜು ತಪಾಸಣೆಯ ಎಂಜಿನಿಯರು. ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಹಾಕುವುದು ಅವರ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ಆ ಕೆಂಪು ಕುಂಚ ಕೈಯಿಂದ ಕಣ್ಣಿಗೆ ಹತ್ತಿಬಿಟ್ಟಿತ್ತು. ಕನ್ನಡ ಕೂಟದ ಊಟ, ಮ್ಯಾನೇಜರನ ಟೈ, ಫ್ರೀವೇಯಲ್ಲಿ ನಿಧಾನಕ್ಕೆ ಹೋಗುವವರು, ಮೌಂಟನ್ ವ್ಯೂ ಕಡೆ ಹೊಸದಾಗಿ ಬಂದಿಳಿದ ಬೆಂಗಳೂರಿನ ಹುಡುಗರು, ಯಾವುದೂ ಅವರ ತಪಾಸಣೆಯಲ್ಲಿ ಪಾಸಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಪಾಸಾಗದವರು ಅಪ್ಪಾಸಾಹೇಬರು. ಅವರು ಗೋಕಾಕದ ಕಡೆಯವರು, ಒಂದು ಆಸ್ಪತ್ರೆಯಲ್ಲಿ ಲೆಕ್ಕಪತ್ರ ನೋಡುವವರು, ಒಳ್ಳೆಯ ಮನುಷ್ಯರು. ಅವರ ತಪ್ಪು ಒಂದೇ. ಕೆಂಪರಾಜು ಇದ್ದ ಅಪಾರ್ಟ್‌ಮೆಂಟಿನ ನೆತ್ತಿಯ ಮೇಲಿನ ಮನೆಯಲ್ಲಿ ಅವರಿದ್ದರು. ಬೆಳಗಾದರೆ ಅವರ ಮಕ್ಕಳು ಕೆಂಪರಾಜುವಿನ ತಲೆಯ ಮೇಲೆ ಓಡುತ್ತಿದ್ದವು. ಅವರ ಹೆಂಡತಿ ನೀಲವ್ವನವರು ಜೋಳದ ರೊಟ್ಟಿ ಬಡಿದರೆ ಕೆಳಗೆ ಇವರ ಕಾಫಿ ಲೋಟ ನಡುಗುತ್ತಿತ್ತು.

"ಫ್ಯಾಕ್ಟರೀಲಿ ಮ್ಯಾನೇಜರು ಮೇಲೆ, ಮನೇಲಿ ಗೋಕಾಕದವರು ಮೇಲೆ," ಎನ್ನುತ್ತಿದ್ದರು ಕೆಂಪರಾಜು ಹೆಂಡತಿ ಮರಿತಾಯಮ್ಮನ ಹತ್ತಿರ. "ಈ ದೇಶದಲ್ಲಿ ನನ್ನ ತಲೆ ಮೇಲೆ ಯಾರೂ ಇಲ್ಲದ ಜಾಗ ಒಂದೇ ಒಂದು."

ಆ ಜಾಗ ಒಂದು ಮರ. ಪೆಸ್ಕಡೇರೊ ಹತ್ತಿರ, ಸಮುದ್ರದ ಕಡೆಯ ಗುಡ್ಡದಲ್ಲಿ, ಸಿಲ್ವೇರಾ ಎಂಬ ಮುದುಕ ರೈತನ ಹೊಲದಂಚಿನಲ್ಲಿ ಅದಿತ್ತು. ಸಿಲ್ವೇರಾನ ಎಲೆಕೋಸಿನ ಜಾತಿಯ ಪುಟ್ಟ ಪುಟ್ಟ ಕೋಸಿನ ಬೆಳೆಯನ್ನು ಸಂಜೆಯಾದರೆ ಜಿಂಕೆಗಳು ಇಳಿದು ಬಂದು ಮೇಯುತ್ತಿದ್ದವು. ಬಂದೂಕು ಹಾರಿಸಿದರೆ ಅವನ ಹಸುಗಳು ಬೆದರಿ ಹಾಲು ಏರಿಸಿಕೊಳ್ಳುತ್ತಿದ್ದವು. ಬಾಣಕ್ಕೆ ಸದ್ದಿಲ್ಲ. ಹಾಗಾಗಿ ಜುಲೈ ತಿಂಗಳ ಬಿಲ್ಲುಬೇಟೆಯ ಕಾಲದಲ್ಲಿ ಕೆಂಪರಾಜುವಿಗೆ ಅಲ್ಲಿ ಪ್ರವೇಶವಿತ್ತು. ಕೊಳ್ಳೇಗಾಲದ ಹತ್ತಿರ ಅಜ್ಜನ ಕಬ್ಬಿನ ಗದ್ದೆಯಲ್ಲಿ ಹಂದಿ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟುತ್ತಿದ್ದರಲ್ಲ, ಹಾಗೇ ಇವರೂ ಒಂದು ನೆಟ್ಟನೆಯ ಫರ್ ಮರಕ್ಕೆ ಹಲಗೆ ಹೊಡೆದು ಅಟ್ಟಣೆ ಕಟ್ಟಿಕೊಂಡಿದ್ದರು. ಬಿಲ್ಲು ತಮ್ಮ ಎತ್ತರಕ್ಕೆ ಸಮನಾದ, ಮರದಿಂದ ಕೆತ್ತಿದ ಹಳೆಯ ಕಾಲದ ಬಿಲ್ಲು. ಜಿಂಕೆ ಸಿಕ್ಕಿದ್ದು ಅಪರೂಪ. ಸಿಗದ ದಿನವೂ ಅಲ್ಲಿಂದ ಇಳಿದು ಬಂದಾಗ ಅವರು ಮರಿತಾಯಮ್ಮನ ಜೊತೆ ಸಮಾಧಾನವಾಗಿ ಮಾತಾಡುತ್ತಿದ್ದರು.

ಎಂಬತ್ತೈದರ ಬೇಸಿಗೆಯಲ್ಲಿ ಸಿಲ್ವೇರಾ ತಗಾದೆ ತೆಗೆದ. ಮರ ಕುಯ್ಯುವಾಗ ಇವರ ಮೊಳೆ ಗರಗಸಕ್ಕೆ ಸಿಕ್ಕರೆ ಗತಿಯೇನು? "ಹಲಗೆ, ಮೊಳೆ ಎಲ್ಲ ಕಿತ್ತುಹಾಕು. ಮರಕ್ಕೆ ಗಾಯವಾಗದ ಹಾಗೆ ಹತ್ತಿ ಇಳಿಯುವ ಸ್ಟ್ಯಾಂಡು ಸಿಗುತ್ತದಂತೆ, ಅದನ್ನು ತಾ. ಇಲ್ಲವಾದರೆ ನೆಲದ ಮೇಲೆ ಕೂತು ಹೊಡಿ."

ನೆಲದ ಮೇಲೆ! ಕೆಂಪರಾಜುವಿನ ಲೆಕ್ಕದಲ್ಲಿ ನೆಲದ ಮೇಲೆ ಕೂತು ಕಾಯುವವನು ಬೇಟೆಗಾರನಲ್ಲ, ಬಸ್ಸಿಗೆ ಕಾಯುವವನು. ಅವರು ಮೊಳೆಗಳನ್ನು ಕಿತ್ತರು. ಸ್ಟ್ಯಾಂಡು ತರಲು ಹೊರಟರು. ತಮ್ಮ ಪುಟ್ಟ ಕಾರಿನಲ್ಲಿ ಅದು ಹಿಡಿಸುವುದಿಲ್ಲವೆಂದು, ಮನಸ್ಸಿಲ್ಲದಿದ್ದರೂ, ಉದ್ದನೆಯ ಸ್ಟೇಷನ್ ವ್ಯಾಗನ್ ಇದ್ದ ಅಪ್ಪಾಸಾಹೇಬರನ್ನು ಕರೆದರು.

ಬೇಟೆ ಸಾಮಾನಿನ ಅಂಗಡಿಯ ಮಾರಾಟಗಾರ ಮೀಸೆಯ ತರುಣ. ಅವನ ಹಿಂದಿನ ಗೋಡೆಯ ತುಂಬ ಎರಡೂ ತುದಿಗೆ ಗಾಲಿ ಕೂರಿಸಿದ ಹೊಸ ಮಾದರಿಯ ಗಿಡ್ಡ ಬಿಲ್ಲುಗಳು.

"ನೋಡಿದ್ರಾ," ಎಂದರು ಕೆಂಪರಾಜು ಕನ್ನಡದಲ್ಲಿ. "ಬಿಲ್ಲಿಗೆ ರಾಟೆ ಕಟ್ಟಿದ್ದಾರೆ. ಇವರು ಬಾವೀಲಿ ನೀರು ಸೇದಬೇಕು, ಬೇಟೆ ಯಾಕೆ?"

"ಮೆಲ್ಲಕ ಮಾತಾಡ್ರಿ, ಅವಗ ತಿಳೀತೈತಿ," ಎಂದರು ಅಪ್ಪಾಸಾಹೇಬರು.

"ತಿಳೀಲಿ. ಒಂದಾದ್ರೂ ತಿಳಿದ ಹಾಗಾಯ್ತು."

ಹುಡುಗ ಸ್ಟ್ಯಾಂಡು ಹತ್ತುವ ಬಗೆ ತೋರಿಸಿದ. ಕಂಬಳಿಹುಳು ಹತ್ತುವ ಹಾಗೆಯೇ. ಮರವನ್ನು ಸುತ್ತಿ ಹಿಡಿಯುವ ಕಂಬಿಯಿರುವ ಒಂದು ಹಲಗೆ. ಅದಕ್ಕೆ ಕಾಲು ಕಟ್ಟಿಕೊಂಡು, ಕೈಯಿಂದ ಮರ ತಬ್ಬಿ, ಕಾಲಿನಿಂದ ಹಲಗೆಯನ್ನು ಮೇಲೆಳೆದುಕೊಳ್ಳಬೇಕು. ಹಲಗೆಯ ಮೇಲೆ ಭಾರ ಬಿಟ್ಟರೆ ಕಂಬಿ ತೊಗಟೆ ಕಚ್ಚಿ ನಿಲ್ಲುತ್ತದೆ. ಮತ್ತೆ ತಬ್ಬು, ಮತ್ತೆ ಎಳೆ.

ಮೊದಲನೆಯ ಸ್ಟ್ಯಾಂಡಿಗೆ ಕಂಬಿಯ ಬದಲು ಸರಪಳಿ. ಕೆಂಪರಾಜು ಅದನ್ನು ಒಮ್ಮೆ ಅಲ್ಲಾಡಿಸಿದರು. "ಇದನ್ನ ಹೊತ್ಕೊಂಡು ಹೋದ್ರೆ ಕೋಲೆ ಬಸವ ಬಂದ ಅಂತ ಜಿಂಕೆ ಅಕ್ಕಿ ತಂದು ಹಾಕುತ್ತೆ."

ಎರಡನೆಯದು ಭಾರಿಯದು. ಕೈಗೊಂದು ಚೌಕಟ್ಟು, ಕಾಲಿಗೊಂದು ಹಲಗೆ, ಮೆತ್ತೆಯ ಕುರ್ಚಿ, ಮರ ಹಿಡಿಯುವ ಕಂಬಿಗೆ ದಪ್ಪ ರಬ್ಬರು, ಕೂತವನು ಬೀಳದಂತೆ ಎದುರಿಗೆ ಅಡ್ಡಗಂಬಿ. ಕೆಂಪರಾಜು ಕೂತು, ಖಾಲಿ ಕೈಯಲ್ಲಿ ಬಿಲ್ಲೆಳೆದಂತೆ ಮಾಡಿ, ಎದ್ದುಬಿಟ್ಟರು.

"ಇದು ಬೇಟೆಗಲ್ಲ, ಕ್ಷೌರಕ್ಕೆ. ಗಿಡ್ಡ ರಾಟೆ ಬಿಲ್ಲಿನವರು ಕೂತ್ಕೊಳ್ಳಲಿ. ನನ್ನ ಬಿಲ್ಲಿನ ಕೆಳತುದಿ ಈ ಅಡ್ಡಗಂಬಿಗೆ ಟಕ್ ಅಂತ ಹೊಡೆಯುತ್ತೆ. ಬರೆದಿಟ್ಕೊಳ್ಳಿ."

ಅಷ್ಟರಲ್ಲಿ ಅಪ್ಪಾಸಾಹೇಬರು ಅದರಲ್ಲಿ ಕೂತಿದ್ದರು. ಬೆನ್ನು ಒರಗಿಸಿದರು. ಕಣ್ಣು ಮುಚ್ಚಿದರು. "ಬೆನ್ನಿಗೆ ಭಾಳ ಆರಾಮ ಐತ್ರಿ ಇದು. ನಾನ ತಗೋತೀನಿ."

"ನೀವಾ? ನಿಮಗೆ ಬಿಲ್ಲು ಎಲ್ಲಿದೆ?"

"ಬಿಲ್ಲು ಯಾಕ ಬೇಕ್ರಿ ಕೂಡ್ರಾಕ? ಗಿಡ ಏರಿ ಕುಂತು ಶೇಂಗಾ ತಿಂತೀನಿ. ಮನ್ಯಾಗ ಹುಡುಗ್ರು ಕೂಡ್ರಾಕ ಬಿಡೂದಿಲ್ಲ."

ಕೆಂಪರಾಜುವಿಗೆ ನಾಚಿಕೆಯಾಯಿತು, ಅಪ್ಪಾಸಾಹೇಬರ ಪರವಾಗಿ. ಅವರು ಮೂರನೆಯದನ್ನು ಆರಿಸಿದರು. ಬರೀ ಹಲಗೆ, ಕಾಲಿಗೆ ಪಟ್ಟಿ, ಮರ ಕಚ್ಚಲು ಕಂಬಿಗೆ ಕಬ್ಬಿಣದ ಹಲ್ಲುಗಳು. ಮೆತ್ತೆಯಿಲ್ಲ, ಅಡ್ಡಗಂಬಿಯಿಲ್ಲ. ಅಜ್ಜನ ಅಟ್ಟಣೆಯ ಹಾಗೆ ಗಂಡಸಿನ ವಸ್ತು.

"ಹಲ್ಲು ತೊಗಟೆಗೆ ಇಳಿಯುತ್ತವೆ, ಮರದ ಒಳಗಲ್ಲ," ಎಂದ ಹುಡುಗ. "ಆದರೆ ಹಲ್ಲುಗಳು ಒಣಗಿರಬೇಕು, ಶುಚಿಯಾಗಿರಬೇಕು. ಹಿಡಿತವೆಲ್ಲ ಅಲ್ಲೇ ಇರೋದು."

"ಹಲ್ಲು ಶುಚಿ ಮಾಡೋದನ್ನ ಕೊಳ್ಳೇಗಾಲದವನಿಗೆ ಹೇಳಿಕೊಡ್ತಾನೆ," ಎಂದರು ಕೆಂಪರಾಜು.

ಮನೆಗೆ ಬಂದ ಹೊಸ ಕಬ್ಬಿಣವನ್ನು ಹಾಗೇ ಬಳಸುವುದುಂಟೆ? ಅವರ ಊರಲ್ಲಿ ಹೊಸ ಕುಡುಗೋಲಾಗಲಿ ನೇಗಿಲ ಗುಳವಾಗಲಿ, ಮೊದಲ ಸಲ ಕೆಲಸಕ್ಕಿಳಿಯುವ ಮುಂಚೆ ಹರಳೆಣ್ಣೆ ಸವರಿ, ಅರಿಶಿನ ಕುಂಕುಮ ಇಡಬೇಕು. ಮರಿತಾಯಮ್ಮ ಸ್ಟ್ಯಾಂಡಿನ ಹಲಗೆಗೆ ಒಂದು ಬೊಟ್ಟು ಎಣ್ಣೆ, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿದರು.

"ಇಷ್ಟೇನಾ?" ಎಂದರು ಕೆಂಪರಾಜು.

"ಶಾಸ್ತ್ರಕ್ಕೆ ಇಷ್ಟು ಸಾಕಲ್ವೇ?"

"ನಿಮ್ಮ ಅಪ್ಪನ ಮನೇಲಿ ಸಾಕಾಗ್ತಿತ್ತೇನೋ. ಕೊಡಿಲ್ಲಿ."

ಅವರು ಎಣ್ಣೆ ಬಟ್ಟಲು ಕಿತ್ತುಕೊಂಡು ಕೂತರು. ಕಾರ್ಖಾನೆಯಲ್ಲಿ ಒಂದೊಂದು ಬಿಡಿಭಾಗ ನೋಡುವ ಅದೇ ಶ್ರದ್ಧೆಯಲ್ಲಿ ಒಂದೊಂದು ಹಲ್ಲಿಗೂ, ಹಲ್ಲುಗಳ ಸಂದಿಗೂ ಬೆರಳಿನಿಂದ ಹರಳೆಣ್ಣೆ ತೀಡಿದರು. ಕಬ್ಬಿಣ ಕನ್ನಡಿಯ ಹಾಗೆ ಮಿಂಚಿತು. ಕೆಲಸವೆಂದರೆ ಹೀಗಿರಬೇಕು ಎಂದು ಬಟ್ಟಲು ವಾಪಸು ಕೊಟ್ಟರು.

ಶನಿವಾರ ಮಧ್ಯಾಹ್ನ ಇಬ್ಬರೂ ಪೆಸ್ಕಡೇರೊಗೆ ಹೋದರು. ಅಪ್ಪಾಸಾಹೇಬರು ಕೊಂಡ ಕುರ್ಚಿ ವ್ಯಾಗನ್ನಿನಲ್ಲೇ ಇತ್ತು. ಕೆಂಪರಾಜು ತಮ್ಮ ಫರ್ ಮರಕ್ಕೆ ಹಲಗೆಯ ಕಂಬಿ ಸುತ್ತಿ ಹಾಕಿ, ಬಿಲ್ಲನ್ನು ಆಮೇಲೆ ಮೇಲೆಳೆದುಕೊಳ್ಳಲು ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡರು.

"ನಿಧಾನ ಏರ್ರಿ," ಎಂದರು ಅಪ್ಪಾಸಾಹೇಬರು.

"ನೀವು ಶೇಂಗಾ ಸುಲೀರಿ."

ತಬ್ಬಿದರು, ಎಳೆದರು, ತಬ್ಬಿದರು, ಎಳೆದರು. ಅಪ್ಪಾಸಾಹೇಬರ ತಲೆಗಿಂತ ಮೇಲಕ್ಕೆ ಹೋದದ್ದೇ ಅವರ ಮುಖದಲ್ಲಿ ಕಳೆ ಬಂತು. ಇನ್ನೊಂದಾಳು ಎತ್ತರಕ್ಕೆ ಹೋಗಿ, ಕೆಳಗೆ ನೋಡಿ ಏನೋ ಹೇಳಲು ಬಾಯಿ ತೆರೆದರು. ಆಗ ಎಣ್ಣೆ ಕುಡಿದ ಹಲ್ಲುಗಳು ಹಿಡಿತ ಬಿಟ್ಟವು. ಹಲಗೆ ಜಾರಿತು. ಕಾಲುಗಳು ಪಟ್ಟಿಯಲ್ಲಿ ಸಿಕ್ಕಿದ್ದವು. ಕೆಂಪರಾಜು ಮರವನ್ನು ಬಲವಾಗಿ ತಬ್ಬಿಕೊಂಡು, ಎದೆ, ಗಲ್ಲ, ಅಂಗಿಯ ಗುಂಡಿಗಳನ್ನೆಲ್ಲ ಉಜ್ಜಿಕೊಂಡು, ಸರ್ರನೆ ಅಪ್ಪಾಸಾಹೇಬರ ಕಾಲಬುಡಕ್ಕೆ ಬಂದಿಳಿದರು. ಅವರ ಜೊತೆಗೆ ಒಂದು ಉದ್ದನೆಯ ತೊಗಟೆಯ ಪಟ್ಟಿಯೂ ಸುಲಿದು ಬಂತು. ಮರದ ಮೇಲೆ ಒಂದಾಳುದ್ದದ ಬಿಳಿ ಗಾಯ.

ಅಪ್ಪಾಸಾಹೇಬರು ಹಲ್ಲುಗಳನ್ನು ಮುಟ್ಟಿ ಬೆರಳು ಮೂಸಿದರು. "ಹರಳೆಣ್ಣಿ?"

ಕೆಂಪರಾಜು ಕಾಲಿನ ಪಟ್ಟಿ ಬಿಚ್ಚತೊಡಗಿದರು.

"ಎಣ್ಣಿ ಹಚ್ಚಿ ಗಿಡಾ ಏರಾಕ ಹೋದ್ರಿ. ಕುಸ್ತಿಗೆ ಬಂದೀರೇನು?"

ಸದ್ದು ಕೇಳಿ ಸಿಲ್ವೇರಾ ಬಂದ. ಮನುಷ್ಯನನ್ನು ನೋಡಲಿಲ್ಲ, ಮರವನ್ನು ನೋಡಿದ. ಗಾಯದ ಮೇಲೆ ಅಂಗೈ ಇಟ್ಟ. "ನಿನ್ನ ಮೊಳೆಗಳೇ ಮೇಲಾಗಿದ್ದವು," ಎಂದ. "ಆ ಹಲ್ಲಿನದು ಇನ್ನು ನನ್ನ ಜಮೀನಿಗೆ ಬರಕೂಡದು. ನೀನು ನೆಲದ ಮೇಲೆ." ಹೋಗುವಾಗ ವ್ಯಾಗನ್ನಿನ ಹಿಂಬದಿಯಲ್ಲಿದ್ದ ಕುರ್ಚಿ ಅವನ ಕಣ್ಣಿಗೆ ಬಿತ್ತು. ಕಂಬಿಯ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಇದು ಪರವಾಗಿಲ್ಲ. ಇದು ಯಾರದು?"

ಹಾಗೆ ಆ ಸಂಜೆ, ಹುಟ್ಟಿದಾರಭ್ಯ ಮರ ಹತ್ತದಿದ್ದ ಅಪ್ಪಾಸಾಹೇಬರು ಪಕ್ಕದ ಫರ್ ಮರವನ್ನು ಕುರ್ಚಿ ಸಮೇತ ಹತ್ತಿ ಕೂತರು. ಬಿಲ್ಲು ಹಿಡಿದ ಕೆಂಪರಾಜು ಅದರ ಬುಡದಲ್ಲಿ ಕೂತರು. ಸಮುದ್ರದಿಂದ ಮಂಜು ಏಳುತ್ತಿತ್ತು. ತರಚಿದ ಎದೆ ಉರಿಯುತ್ತಿತ್ತು. ಒಂದು ಶೇಂಗಾ ಸಿಪ್ಪೆ ಬಂದು ಅವರ ಟೋಪಿಯ ಮೇಲೆ ಬಿತ್ತು.

ಅದನ್ನವರು ಕೊಡವಲಿಲ್ಲ. ಅಮೆರಿಕದಲ್ಲಿ ಅವರ ಪಾಲಿಗೆ ಉಳಿದಿದ್ದ ಒಂದೇ ಜಾಗಕ್ಕೂ ಗೋಕಾಕದವರು ಬಂದು ಮೇಲೆ ಕೂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ದನಿ ಬಂತು. "ಕೆಂಪರಾಜು ಅವರ, ನನಗ ತಲಿ ತಿರಗಾಕತ್ತೈತಿ. ನಾ ಇಳೀತೀನಿ, ನೀವ ಏರ್ರಿ."

ತಲೆ ತಿರುಗುವವರ ದನಿ ಅಷ್ಟು ಸ್ಥಿರವಾಗಿರುವುದಿಲ್ಲ. ಕೆಂಪರಾಜುವಿಗೆ ಅದು ಗೊತ್ತಾಯಿತು. "ಆ ಕ್ಷೌರದ ಕುರ್ಚೀಲಿ ನಾನು ಕೂರಲ್ಲ," ಎಂದರು.

"ಕೂಡ್ರಬ್ಯಾಡ್ರಿ. ನಿಂದರ್ರಿ."

ಅಪ್ಪಾಸಾಹೇಬರು ಕುರ್ಚಿಯನ್ನು ಹಂತ ಹಂತವಾಗಿ ತಗ್ಗಿಸಿಕೊಂಡು ಇಳಿದರು. ಕೆಂಪರಾಜು ಕುರ್ಚಿಯ ಕಡೆ ನೋಡದೆ, ಬೇರೆ ಯಾರದೋ ಕೆಲಸಕ್ಕೆ ಹೋಗುವವರ ಹಾಗೆ ಹತ್ತಿದರು. ರಬ್ಬರು ಕಂಬಿ ಎಲ್ಲೂ ಜಾರಲಿಲ್ಲ. ಬಿಲ್ಲನ್ನು ಹಗ್ಗದಿಂದ ಎಳೆದುಕೊಂಡರು. ನಿಂತರು. ಸ್ವಲ್ಪ ಹೊತ್ತಿನ ಮೇಲೆ ಕೂತರು.

ಕತ್ತಲಾಗುವ ಮೊದಲು ಕವಲುಕೊಂಬಿನ ಒಂದು ಗಂಡು ಜಿಂಕೆ ಗುಡ್ಡ ಇಳಿದು, ಕೋಸಿನ ಸಾಲಿಗೆ ಬಾಯಿ ಹಾಕಿತು. ಅಷ್ಟು ಹತ್ತಿರ ಅದು ಯಾವ ವರ್ಷವೂ ಬಂದಿರಲಿಲ್ಲ. ಕೆಂಪರಾಜು ಕೂತಲ್ಲಿಂದಲೇ ಬಿಲ್ಲೆತ್ತಿ ಬಾಣವನ್ನು ನಿಧಾನವಾಗಿ ಹಿಂದಕ್ಕೆಳೆದರು. ಬಿಲ್ಲಿನ ಕೆಳತುದಿ ಅಡ್ಡಗಂಬಿಗೆ ಬಡಿಯಿತು. ಟಕ್.

ಜಿಂಕೆ ತಲೆಯೆತ್ತಿತು. ಮುಂದಿನ ಕ್ಷಣ ಹೊಲ ಖಾಲಿ.

"ಏನಾತ್ರೀ?" ಎಂದರು ಅಪ್ಪಾಸಾಹೇಬರು ಕೆಳಗಿನಿಂದ.

"ಕೇಳಿಸ್ತಾ?"

"ಏನು?"

"ಟಕ್ ಅಂತ. ಅಂಗಡೀಲಿ ನಾನು ಹೇಳಿದ್ದೆನೋ ಇಲ್ಲವೋ?"

"ಹೇಳಿದ್ರಿ."

"ಬರೆದಿಟ್ಕೊಳ್ಳಿ ಅಂದಿದ್ದೆ."

"ಅಂದಿದ್ರಿ, ಅಂದಿದ್ರಿ. ಜಿಂಕಿ ಹೋತಲ್ರಿ."

"ಹೋಗಲಿ. ಇಂಥ ದರಿದ್ರ ಕುರ್ಚೀಲಿ ಕೂತು ಯಾವನಾದರೂ ಜಿಂಕೆ ಹೊಡೀತಾನಾ?" ಅವರ ದನಿಯಲ್ಲಿ ಆ ದಿನ ಮೊದಲ ಸಲ ಉತ್ಸಾಹವಿತ್ತು. ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಹಿಂದಕ್ಕೆ ಒರಗಿದರು. ಮೆತ್ತೆ ಹಿತವಾಗಿತ್ತು. ಅದನ್ನು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

"ಇಳೀರಿ ಮತ್ತ, ಹೋಗೂಣು."

ತಲೆಯ ಮೇಲೆ ಫರ್ ಮರದ ತುದಿ, ಅದರ ಮೇಲೆ ಮಂಜು, ಬೇರೇನೂ ಇರಲಿಲ್ಲ. ಕೆಂಪರಾಜು ಹಗ್ಗವನ್ನು ಕೆಳಗೆ ಬಿಟ್ಟರು.

"ಇಷ್ಟು ಬೇಗ ಯಾಕೆ? ನೀಲವ್ವನೋರು ರೊಟ್ಟಿ ಕಟ್ಟಿದ್ರಲ್ಲ, ಅದನ್ನ ಇದಕ್ಕೆ ಕಟ್ಟಿ ಕಳಿಸಿ."