ಒಂದು ಕೂಸು, ಎರಡು ಸ್ಕ್ರೀನು

ಒಂದೇ ಫೋಟೊ. ಎರಡು ಫೋನು. ನನ್ನ ಫೋನಿನಲ್ಲಿ ಕೂಸು ಹಳದಿ. ನಮ್ಮ ಮನೆಯವರ ಫೋನಿನಲ್ಲಿ ಅದೇ ಕೂಸು ಗುಲಾಬಿ.

ಹೇಳಿ, ನೀವು ಯಾವುದನ್ನು ನಂಬುತ್ತೀರಿ?

ಕಳೆದ ಭಾನುವಾರ ಬೆಳಿಗ್ಗೆ ಕೂಡ್ಲಿಗಿಯ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಾವು ಗಂಡ ಹೆಂಡತಿ ವಾದಕ್ಕೆ ಬಿದ್ದಿದ್ದೆವು. ಫೋಟೊ ಕೊಟ್ಟೂರಿನಿಂದ ಬಂದಿತ್ತು. ಅಲ್ಲಿ ನನ್ನ ತಂಗಿ ಶಾರದಾಳ ಮನೆ. ಅವಳ ಮಗಳು ಕಾವ್ಯ ಬಾಣಂತನಕ್ಕೆ ತವರಿನಲ್ಲಿದ್ದಾಳೆ. ಆಸ್ಪತ್ರೆಯಿಂದ ಮನೆಗೆ ಬಂದು ಎರಡೇ ದಿನವಾಗಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಕೂಸಿನ ಫೋಟೊ ಕೆಳಗೆ ಬರೀ ಹಾರ್ಟುಗಳು. ‘ಬಂಗಾರದ ಗೊಂಬಿ’ ಅಂತ ಒಬ್ಬರು, ‘ಥೇಟ್ ಮುತ್ತಜ್ಜಿ ಬಣ್ಣ’ ಅಂತ ಇನ್ನೊಬ್ಬರು.

ನಾನು ಮಾತ್ರ ಹಾರ್ಟು ಒತ್ತಿರಲಿಲ್ಲ. ಹಿಂದಿನ ಸಂಜೆ ಕಾವ್ಯ ಫೋನಿನಲ್ಲಿ, “ದೊಡ್ಡವ್ವ, ಕೂಸು ಭಾಳ ನಿದ್ದಿ ಮಾಡ್ತೈತಿ. ಹಾಲು ಕುಡಿಸಾಕ ಎಬ್ಬಿಸಿದ್ರೂ ಏಳವಲ್ದು” ಅಂದಿದ್ದಳು. ಹಸುಗೂಸಿಗೆ ಕಾಮಾಲೆ ಬಂದರೆ ಹೀಗೇ ಮಂಕಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ರಾತ್ರಿಯಿಡೀ ಅದೇ ಯೋಚನೆ. ಬೆಳಿಗ್ಗೆ ಎದ್ದರೆ ಈ ಫೋಟೊ.

“ಐ ಕಂಫರ್ಟ್ ಹಾಕ್ಕೊಂಡಿ ಮಾರಾಯ್ತಿ, ನಿನ್ನ ಫೋನಿನ್ಯಾಗ ಎಲ್ಲಾ ಹಳದೀನ ಕಾಣ್ತೈತಿ” ಅಂದರು ನಮ್ಮವರು.

ನಿಜ. ಕಣ್ಣಿಗೆ ಹಿತವಾಗಲಿ ಅಂತ ನಾನೇ ಹಾಕಿಕೊಂಡಿದ್ದ ಸೆಟ್ಟಿಂಗ್ ಅದು. ತೆಗೆದೆ. ಕೂಸು ತುಸು ಬೆಳ್ಳಗಾಯಿತು.

“ನೋಡು, ವಾಸಿ ಆತು” ಅಂತ ನಕ್ಕರು.

ಮೈಯೆಲ್ಲ ಉರಿದುಹೋಯಿತು ನನಗೆ. ಸೆಟ್ಟಿಂಗ್ ಬದಲಾಯಿಸಿದರೆ ವಾಸಿಯಾಗುವ ಕಾಯಿಲೆ ಯಾವುದಾದರೂ ಇದೆಯೇನ್ರೀ?

ಈ ಫೋನ್ ಕೊಳ್ಳುವಾಗ ಅಂಗಡಿಯ ಹುಡುಗ ನಿಟ್ಸ್, ಕೆಲ್ವಿನ್, ಗ್ಯಾಮಟ್ ಅಂತ ಗಿಳಿಪಾಠ ಒಪ್ಪಿಸಿದ್ದ. ತಿಳಿಯದ ಮಾತಿಗೆ ಹೂಂಗುಟ್ಟುವ ಜಾಯಮಾನ ನನ್ನದಲ್ಲ. ಮನೆಗೆ ಬಂದು ಓದಿಕೊಂಡಿದ್ದೆ. ನಿಟ್ಸ್ ಅಂದರೆ ಸ್ಕ್ರೀನು ನಮ್ಮ ಕಣ್ಣಿನತ್ತ ಎಷ್ಟು ಜೋರಾಗಿ ಬೆಳಗುತ್ತದೆ ಅನ್ನುವ ಅಳತೆ. ಜಾಸ್ತಿ ಇದ್ದರೆ ಬಸ್ ಸ್ಟ್ಯಾಂಡಿನ ಬಿಸಿಲಲ್ಲೂ ಮೆಸೇಜು ಓದಬಹುದು, ಅಷ್ಟೇ. ಬಣ್ಣ ಸರಿಯಿದೆ ಅಂತಲ್ಲ. ಕೆಲ್ವಿನ್ ಹೇಳುವುದು ಸ್ಕ್ರೀನಿನ ಬಿಳುಪು ಎಂಥದ್ದು ಅಂತ. ಸಂಖ್ಯೆ ಇಳಿದರೆ ಹಳೇ ಬಲ್ಬಿನ ಹಳದಿ, ಏರಿದರೆ ಟ್ಯೂಬ್‌ಲೈಟಿನ ನೀಲಿ. ನನ್ನ ಐ ಕಂಫರ್ಟ್ ಮಾಡಿದ್ದು ಅದನ್ನೇ, ಇಳಿಸಿತ್ತು. ಗ್ಯಾಮಟ್ ಅಂದರೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಲೆಕ್ಕ. (ಹೆಚ್ಚು ಮಾತು ಬಲ್ಲವರೆಲ್ಲ ನಿಜವನ್ನೇ ಆಡುತ್ತಾರಾ?) ಆ ಹುಡುಗ ಬಾಯೇ ಬಿಡದ ಇನ್ನೊಂದು ಅಳತೆಯಿದೆ, ಡೆಲ್ಟಾ ಇ. ಇರಬೇಕಾದ ಬಣ್ಣಕ್ಕೂ ಸ್ಕ್ರೀನು ತೋರಿಸುವ ಬಣ್ಣಕ್ಕೂ ಎಷ್ಟು ದೂರ ಅಂತ ಹೇಳುವುದು ಅದೊಂದೇ. ಕಡಿಮೆಯಿದ್ದಷ್ಟೂ ಒಳ್ಳೆಯದು. ನಮ್ಮವರ ಫೋನು ‘ವಿವಿಡ್’ ಅನ್ನುವ ಮೋಡಿನಲ್ಲಿತ್ತು. ಸಿನಿಮಾ ರಂಗಾಗಿ ಕಾಣಲಿ ಅಂತ ಹಾಕಿಸಿಕೊಂಡದ್ದು. ಅದು ಕೂಸಿಗೂ ರಂಗು ಬಳಿದಿತ್ತು.

ಅಂದರೆ ಎರಡೂ ಫೋನು ಸುಳ್ಳು ಹೇಳುತ್ತಿದ್ದವು.

ಶಾರದಾಗೆ ಫೋನ್ ಹಚ್ಚಿದೆ. “ಕೂಸಿನ ಕಣ್ಣು ನೋಡ, ಗುಡ್ಡಿ ಬೆಳ್ಳಗೈತೇನು?”

“ತಡಿಯಕ್ಕ, ವಿಡಿಯೊ ಹಚ್ತೀನಿ, ನೀನ ನೋಡು.”

ನೋಡಿದೆ. ಏನು ಕಂಡೀತು? ಬಾಣಂತಿಗೆ ಗಾಳಿ ತಾಗಬಾರದು ಅಂತ ಕಿಟಕಿಗೆ ಗೋಣಿತಟ್ಟು ಬಡಿದ ಕೋಣೆ. ಮೂಲೆಯಲ್ಲೊಂದು ಸಣ್ಣ ಹಳದಿ ಬಲ್ಬು, ಜೊತೆಗೆ ಲೋಬಾನದ ಹೊಗೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಅಂತ ಅಳೆಯುತ್ತಾರೆ. ಕೂಸಿನ ಮುಖದ ಮೇಲೆ ಬೀಳುತ್ತಿದ್ದದ್ದು ಅಳೆಯುವಷ್ಟಾದರೂ ಇತ್ತೋ ಇಲ್ಲವೋ. ಅದರ ಮೇಲೆ ಕ್ಯಾಮೆರಾದ ಜಾಣತನ ಬೇರೆ. ಕೋಣೆಯಲ್ಲಿ ಹಳದಿ ಜಾಸ್ತಿ ಕಂಡರೆ, ‘ಇದು ಬಲ್ಬಿನದು’ ಅಂದುಕೊಂಡು ತಾನೇ ಕಳೆದುಬಿಡುತ್ತದೆ. ವೈಟ್ ಬ್ಯಾಲೆನ್ಸ್ ಅಂತ ಅದಕ್ಕೆ ಹೆಸರು. ಬಲ್ಬಿನ ಹಳದಿ ಯಾವುದು, ಕೂಸಿನ ಹಳದಿ ಯಾವುದು, ಅದಕ್ಕೇನು ಗೊತ್ತು?

“ಶಾರದಾ, ಕಿಟಕಿ ತಗಿ” ಅಂದೆ.

“ಯಾರದು ಕಿಟಕಿ ತಗಿ ಅನ್ನೋರು?” ಹಿಂದಿನಿಂದ ಶಾರದಾಳ ಅತ್ತೆ ಗೌರಮ್ಮನವರ ದನಿ. “ಹಸಿ ಬಾಣಂತಿ ಅದಾಳ. ಗಾಳಿ ಹೊಕ್ರ ಹೊಣಿ ಯಾರು?”

“ಕೂಸು ಹಳದಿ ಕಾಣ್ತೈತಂತ್ರಿ ಅತ್ತಿ.”

“ಅರಿಷಿಣ ಹಚ್ಚಿ ಎರದೀನಿ. ಹಳದಿ ಕಾಣ್ದ ಹಸರು ಕಾಣ್ತೈತೇನು?”

ಫೋನು ಆರಿಸಿ, “ನಡ್ರಿ, ಗಾಡಿ ತಗೀರಿ” ಅಂದೆ.

ಕೊಟ್ಟೂರು ದೂರವೇನಲ್ಲ. ಅವತ್ತು ಮಾತ್ರ ದಾರಿ ಸಾಗಲೊಲ್ಲದು. ಫೋಟೊ ದೊಡ್ಡದು ಮಾಡಿ ನೋಡಿದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿದೆ. ಒಮ್ಮೆ ಏನೂ ಇಲ್ಲ ಅನಿಸುತ್ತಿತ್ತು, ಒಮ್ಮೆ ಮೊದಲಿಗಿಂತಲೂ ಹಳದಿ ಕಾಣುತ್ತಿತ್ತು.

“ಅದನ್ನ ಒಳಗ ಇಡ್ತೀಯೋ ಇಲ್ಲೋ!” ನಮ್ಮವರು ಗದರಿದರು. ಬೆಳಿಗ್ಗೆ ನಕ್ಕವರ ಮುಖದಲ್ಲಿ ಈಗ ನಗುವಿನ ಸುಳಿವೇ ಇರಲಿಲ್ಲ.

ನಾವು ಹೋದಾಗ ಗೌರಮ್ಮನವರು ಬಾಣಂತಿ ಕೋಣೆಯ ಬಾಗಿಲಿಗೇ ಕೂತಿದ್ದರು. ಎಂಟು ಬಾಣಂತನ ಮಾಡಿದ ಹೆಂಗಸು. ಜಗಳ ತೆಗೆದರೆ ನಾನು ಸೋಲುವುದು ಖಂಡಿತ, ಮತ್ತು ಜಗಳಕ್ಕೆ ಹೊತ್ತೂ ಇರಲಿಲ್ಲ.

“ಅಮ್ಮಾರ, ಕಿಟಕಿ ಮುಚ್ಚೇ ಇರ್ಲಿ. ಕಾವ್ಯ ಒಳಗ ಇರ್ಲಿ. ಕೂಸನ್ನ ನೀವ ಬೆಚ್ಚಗ ಸುತ್ತಿ, ತಲಬಾಗ್ಲ ತನಕ ತರ್ರಿ. ನಾನು ಮುಟ್ಟೂದಿಲ್ಲ.”

ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಕಾವ್ಯ ಅಳುತ್ತಾ, “ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದ್ಸಲ ತೋರ್ಸು” ಅಂದಳು.

ಎದ್ದರು. ಕೂಸನ್ನು ಎದೆಗವುಚಿಕೊಂಡು ತಲೆಬಾಗಿಲಿಗೆ ಬಂದು, ಬೆಳಕಿನತ್ತ ಮುಖ ತಿರುಗಿಸಿದರು. ಗೌರಮ್ಮನವರು ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಕೂಸಿನ ಕೆನ್ನೆ ಒರೆಸಿದರು. ಹೋಗಲಿಲ್ಲ. ಹಣೆ ಒರೆಸಿದರು. ಹೋಗಲಿಲ್ಲ. ಅರಿಷಿಣವಾಗಿದ್ದರೆ ಹೋಗಬೇಕಿತ್ತಲ್ಲ! ಮೆಲ್ಲಗೆ ರೆಪ್ಪೆ ಸರಿಸಿದರು. ಕಣ್ಣಿನ ಬಿಳಿಯೂ ಹಳದಿ.

“ಅಯ್ಯೋ ನಮ್ಮವ್ವ” ಅಂದರು. ಚಪ್ಪಲಿ ಮೆಟ್ಟದೆ ಹೋಗಿ, ಕೂಸಿನ ಸಮೇತ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತವರು ಅವರೇ. ಕಾವ್ಯಳಿಗೆ ತಲೆ ತುಂಬ ಸ್ಕಾರ್ಫ್ ಕಟ್ಟಿ ನಾನು ಕರೆತಂದೆ.

ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ರಿಪೋರ್ಟ್ ನೋಡಿದವರೇ ನರ್ಸಿಗೆ ಕೈಸನ್ನೆ ಮಾಡಿದರು. ಕಣ್ಣಿಗೆ ಪಟ್ಟಿ ಕಟ್ಟಿ, ಲಂಗೋಟಿಯಷ್ಟರಲ್ಲೇ ಆ ಅಂಗೈಯಗಲದ ಕೂಸನ್ನು ನೀಲಿ ಲೈಟಿನ ಕೆಳಗೆ ಮಲಗಿಸಿದರು. ನರ್ಸು ಒಂದು ಸಣ್ಣ ಮೀಟರು ತಂದು ಕೂಸಿನ ಪಕ್ಕ ಹಿಡಿದು ನೋಡಿದರು. ನೋಡುವವರ ಕಣ್ಣಿಗೆ ಎಷ್ಟು ಬೆಳಕು ಅಂತಲ್ಲ, ಕೂಸಿನ ಚರ್ಮಕ್ಕೆ ಬೇಕಾದ ನೀಲಿ ಸಾಕಷ್ಟು ಬೀಳುತ್ತಿದೆಯೇ ಅಂತ. ಕಡಿಮೆ ಅನಿಸಿತೇನೋ, ಲೈಟನ್ನು ಇನ್ನಷ್ಟು ಕೆಳಗಿಳಿಸಿದರು. ಇಷ್ಟು ದಿನದಲ್ಲಿ ಬೆಳಕಿನ ಅಳತೆಯೊಂದು ನನಗೆ ದೇವರಂತೆ ಕಂಡದ್ದು ಆಗಲೇ.

“ಇನ್ನೂ ತಡ ಮಾಡಿದ್ರ ಮೆದುಳಿಗೆ ಹೊಡೀತಿತ್ತು” ಅಂದರು ಡಾಕ್ಟರು. ಶಾರದಾ ಬಿಕ್ಕಿ ಅತ್ತಳು. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಕೂಸು ಈಗ ಹುಷಾರಾಗಿದೆ. ಹಾಲಿಗೆ ಊರು ಕೇಳುವಂತೆ ಅಳುತ್ತದೆ. ಆದರೆ ಅವತ್ತು ವರಾಂಡದಲ್ಲಿ, ನಮ್ಮ ಫೋಟೊದ ಕತೆಯೆಲ್ಲ ಕೇಳಿದ ಮೇಲೆ ಡಾಕ್ಟರು ಕೇಳಿದ ಒಂದು ಪ್ರಶ್ನೆಯನ್ನು ನಾನಿನ್ನೂ ಮರೆತಿಲ್ಲ. ಅವರು ಸಿಟ್ಟಿನಿಂದಲೂ ಕೇಳಿರಲಿಲ್ಲ. ಕೈ ಒರೆಸಿಕೊಳ್ಳುತ್ತಾ, ಸುಮ್ಮನೆ ಕೇಳಿದ್ದರು:

“ಫೋಟೊ ಎಲ್ರೂ ನೋಡೀರಿ. ಕೂಸನ್ನ ಯಾರು ನೋಡಿದ್ರಿ?”